ಆರು ಅಂಕ, ಒಂದು ಹುಣಸೆಬೀಜ

ಮೊನ್ನೆ ಮೌಲ್ಯಮಾಪನಕ್ಕೆ ಹೊರಡುವ ಮುಂಚೆ ಹಳೆಯ ಬ್ಯಾಗನ್ನು ಕೊಡವಿದೆ. ಬಸ್ ಟಿಕೆಟ್ಟು, ಮುಚ್ಚಳವಿಲ್ಲದ ಕೆಂಪು ಪೆನ್ನುಗಳ ಜೊತೆ ಒಂದು ಹುಣಸೆಬೀಜ ಉರುಳಿತು. ಒಂದು ಮುಖ ಕರಿ, ಇನ್ನೊಂದು ಮುಖ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಚೌಕಾಬಾರ ಆಡುವವರು ಮಾಡಿಕೊಳ್ಳುತ್ತಾರಲ್ಲ, ಅಂಥದ್ದು. ಅದು ನಮ್ಮ ಮೇಷ್ಟ್ರದ್ದು. ಕೈಗೆತ್ತಿಕೊಂಡವನು ಅಲ್ಲೇ ಕುಳಿತುಬಿಟ್ಟೆ.

ಒಂಟಿಕೊಪ್ಪಲಿನಿಂದ ಸೈಕಲ್ಲಿನಲ್ಲಿ ಕಾಲೇಜಿಗೆ ಬರುತ್ತಿದ್ದರು. ಕಲಿಸುತ್ತಿದ್ದುದು ಕಂಪ್ಯೂಟರ್ ಸೈನ್ಸ್, ಜೇಬಿನಲ್ಲಿ ಮಾತ್ರ ಹುಣಸೆಬೀಜ. ಎರಡೇ ಅಕ್ಷರಗಳ ಭಾಷೆಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುವುದನ್ನು, ಅಂದರೆ ಯಾವ ಅಕ್ಷರ ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂಬುದನ್ನೆಲ್ಲ ಒಂದೇ ಸಾಲಿನ ಸೂತ್ರದಲ್ಲಿ ಹಿಡಿಯುವುದನ್ನು, ಮೇಜಿನ ಮೇಲೆ ಬೀಜ ಜೋಡಿಸಿಯೇ ಕಲಿಸಿದರು. ಕರಿ ಮುಖ ಒಂದಕ್ಷರ, ಬಿಳಿ ಮುಖ ಇನ್ನೊಂದು. ಎರಡು ಬಿಳಿ ಪಕ್ಕಪಕ್ಕ ಕೂರಬಾರದು, ಸೂತ್ರ ಬರೆಯಿರಿ ಎನ್ನುತ್ತಿದ್ದರು. ಬರೆದದ್ದನ್ನು ಸುಮ್ಮನೆ ಓದಿ ಬಿಡುತ್ತಿರಲಿಲ್ಲ. ಅದರ ಪ್ರಕಾರ ಬೀಜ ಇಟ್ಟು ನೋಡುತ್ತಿದ್ದರು. ಮೊದಲು ಒಂದೂ ಬೀಜವಿಲ್ಲದ ಖಾಲಿ ಮೇಜು ಸೂತ್ರಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು, ಆಮೇಲೆ ಒಂದು ಬೀಜ, ಆಮೇಲೆ ಎರಡು... ಅಷ್ಟರಲ್ಲಿ ನಮ್ಮ ಹೊಟ್ಟೆ ತಾಳ ಹಾಕುತ್ತಿತ್ತು.

ಮುಂದೆ ನಾನೂ ಮೇಷ್ಟ್ರಾದೆ. ಮೊದಲ ಸಲ ಮೌಲ್ಯಮಾಪನಕ್ಕೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಅವರೇ. ನಿವೃತ್ತಿಗೆ ಅದೊಂದೇ ವರ್ಷ ಬಾಕಿಯಿತ್ತು. ಎಲ್ಲರ ಮುಂದೆಯೂ ಸ್ಕೀಮ್, ಅಂದರೆ ಮಾದರಿ ಉತ್ತರಗಳ ಹಾಳೆ. ನಾನು ಅದರ ಮೇಲೊಂದು ಕಣ್ಣು, ವಿದ್ಯಾರ್ಥಿಯ ಉತ್ತರದ ಮೇಲೊಂದು ಕಣ್ಣಿಟ್ಟು ಸರಸರನೆ ಮುಗಿಸುತ್ತಿದ್ದೆ. ನನ್ನ ಎರಡು ಕಟ್ಟು ಮುಗಿದರೂ ಅವರದು ಅರ್ಧ ದಾಟುತ್ತಿರಲಿಲ್ಲ. ಎರಡನೆಯ ದಿನ, ಎರಡು ಬಿಳಿ ಪಕ್ಕಪಕ್ಕ ಕೂರಬಾರದೆಂಬಂಥದ್ದೇ ಪ್ರಶ್ನೆಯ ಒಂದು ಉತ್ತರಕ್ಕಾಗಿ ಬೀಜಗಳನ್ನೇ ಹರಡಿಕೊಂಡರು.

“ಏನ್ ಸಾರ್, ಚೌಕಾಬಾರಕ್ಕೆ ಕೂತ್ಬುಟ್ರಾ?” ಎಂದೆ.

“ನೋಡೋ ಇಲ್ಲಿ. ಸ್ಕೀಮ್‌ನೋರು ಉಳಿಯೋ ಒಂಟಿ ಬಿಳೀನ ಕೊನೇಲಿಟ್ಟವ್ರೆ, ಈ ಮಗು ಮೊದಲಲ್ಲೇ ಇಟ್ಟದೆ. ನೋಡೋಕ್ ಬೇರೆ, ಆದ್ರೆ ಎರಡರಿಂದ್ಲೂ ಬರೋ ಸಾಲು ಒಂದೇ ಕಣೋ,” ಎಂದರು.

ಹಿಂದಿನ ದಿನ ಅಂಥದ್ದೇ ಉತ್ತರಕ್ಕೆ ಅಡ್ಡಗೀಟು ಎಳೆದು ಸೊನ್ನೆ ಸುತ್ತಿದ್ದೆ. ಅದು ಆರು ಅಂಕದ ಪ್ರಶ್ನೆ. ಆ ಪತ್ರಿಕೆ ಚೆನ್ನಾಗಿ ನೆನಪಿತ್ತು. ಒಟ್ಟು ಕೂಡಿದಾಗ ಪಾಸಾಗಲು ನಾಲ್ಕೇ ಅಂಕ ಕಮ್ಮಿಯಾಗಿ, ಅಯ್ಯೋ ಎಂದುಕೊಂಡು ಮುಂದಿನದಕ್ಕೆ ಕೈ ಹಾಕಿದ್ದೆ.

ಮೇಷ್ಟ್ರಿಗೆ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ತೋಳು ಹಿಡಿದು ಮೌಲ್ಯಮಾಪನದ ಮುಖ್ಯಸ್ಥರ ಹತ್ತಿರ ಕರೆದುಕೊಂಡು ಹೋದರು.

“ಕಟ್ಟು ಸೀಲಾಗಿ ಹೊರಟೋಯ್ತಲ್ಲ ಸಾರ್. ಬೇಕಾದ್ರೆ ಮರುಮೌಲ್ಯಮಾಪನಕ್ಕೆ ಹಾಕ್ಕೊತಾರೆ ಬಿಡಿ,” ಎಂದರು ಮುಖ್ಯಸ್ಥರು, ತಲೆ ಎತ್ತದೆ.

ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ಅದನ್ನೂ ನಾನು ಗುರುತು ಹಾಕಿಕೊಂಡಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆದರು, ಕೆಳಗೆ ನಾನು ಸಹಿ ಹಾಕಿದೆ. ಮೂರು ಸಲ ಸೈಕಲ್ ತುಳಿದು ಹೋಗಿ ವಿಚಾರಿಸಿಕೊಂಡು ಬಂದರು. ಏನೂ ಆಗಲಿಲ್ಲ.

ಮೌಲ್ಯಮಾಪನದ ಕೊನೆಯ ದಿನ ಒಂದು ಬೀಜವನ್ನು ನನ್ನ ಅಂಗೈಯಲ್ಲಿಟ್ಟರು. “ಮರುಮೌಲ್ಯಮಾಪನಕ್ಕೆ ಎಲ್ಲಿ ಹಾಕ್ತದೆ? ಆ ಮಗು ತನ್ದೇ ತಪ್ಪು ಅಂದ್ಕೊಂಡಿರ್ತದೆ ಕಣೋ...” ಎಂದರು. ನಾನು ಬೀಜವನ್ನು ಬ್ಯಾಗಿಗೆ ಹಾಕಿಕೊಂಡೆ.

ಮೊನ್ನೆ ಆ ಬೀಜವನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಈಗ ಪತ್ರಿಕೆಗಳು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತವೆ. ಹೆಚ್ಚುಕಮ್ಮಿ ಅದೇ ಪ್ರಶ್ನೆ ಬಂದಿತ್ತು. ಒಬ್ಬರ ಸೂತ್ರ ಸ್ಕೀಮಿನಂತೆಯೂ ಇರಲಿಲ್ಲ, ನಾನು ಕಂಡ ಯಾವುದರಂತೆಯೂ ಇರಲಿಲ್ಲ. ಖಾಲಿ ಮೇಜಿನಿಂದ ಶುರುಮಾಡಿ, ಕಾಗದದ ಮೇಲೆ ಕರಿ ಚುಕ್ಕೆ ಬಿಳಿ ಚುಕ್ಕೆ ಇಟ್ಟು ನೋಡುತ್ತಾ ಹೋದೆ. ಅರ್ಧ ಗಂಟೆ ಹಿಡಿಯಿತು. ಸರಿಯಾಗಿತ್ತು. ಆರಕ್ಕೆ ಆರೂ ಕೊಟ್ಟೆ.

ಖುಷಿಯಲ್ಲಿ ಫೋನು ತೆಗೆದು ಮೇಷ್ಟ್ರ ನಂಬರಿನ ಮೇಲೆ ಬೆರಳಿಡುವಾಗ ನೆನಪಾಯಿತು, ಅವರು ಹೋಗಿ ಎರಡು ವರ್ಷವಾಯಿತು. ನಂಬರು ಅಳಿಸಲು ನನಗಿನ್ನೂ ಮನಸ್ಸು ಬಂದಿಲ್ಲ. ನಿನ್ನ ಉತ್ತರ ಸರಿಯಿತ್ತು ಎಂದು ನಾನು ಹೇಳಬೇಕಾದ ಇನ್ನೊಂದು ಮಗುವಿದೆ. ಅದರ ಹೆಸರು ನನಗೆ ಗೊತ್ತಿಲ್ಲ.