ಸೋರುವ ಗೇರ್‌ಬಾಕ್ಸು, ಸುಮ್ಮನಿದ್ದ ಅಮ್ಮ

ಹೋದ ಭಾನುವಾರ ಬೆಳಗ್ಗೆ ನಾನು ನಮ್ಮ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಟಪ್ಪೆಂದು ಮೂಗಿನ ಮೇಲೆ ಒಂದು ಹನಿ ಎಣ್ಣೆ ಬಿತ್ತು.

ಒರೆಸಿಕೊಳ್ಳಲು ಕೈ ಎತ್ತಿದವನು ಹಾಗೇ ತಡೆದೆ. ಅರೆ, ಈ ವಾಸನೆ ನನಗೆ ಗೊತ್ತು!

ಕಾರಿನ ಅಡಿಗೆ ಏಕೆ ತೂರಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ. ಇದು ನಮ್ಮಪ್ಪನ ಕಾರು. ಎರಡನೇ ಮಹಾಯುದ್ಧಕ್ಕೂ ಮೊದಲಿನ ಮಾಡೆಲ್. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. (ರಾಜಾಜಿನಗರದಲ್ಲಿ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರು ನಿಲ್ಲಿಸುವ ಜಾಗಕ್ಕೇನು ಬರ?) ಬೇಸಿಗೆಯಲ್ಲಿ ಅದರ ಗೇರ್‌ಬಾಕ್ಸು ಸೋರತೊಡಗಿತು. ಮಾಗಡಿ ರೋಡಿನ ಮೇಸ್ತ್ರಿ ಬಂದು ತಳದ ಪ್ಲಗ್ಗಿಗೆ ಹೊಸ ವಾಷರ್ ಹಾಕಿದ.

"ಎಣ್ಣೆ ಮೇಲೆ ನಿಗಾ ಇರ್ಲಿ ಸಾರ್. ಕಮ್ಮಿಯಾದ್ರೆ ಗಾಡಿ ಪ್ರಾಣ ಹೋಗ್ತದೆ," ಅಂದ.

ಸೋರುವುದು ನಿಂತಿತೇ? ಇನ್ನೂ ಹೆಚ್ಚಾಯಿತು! ಸೀಲ್ ಬದಲಾಯಿಸಿದ್ದಾಯಿತು, ಬೋಲ್ಟು ಬಿಗಿ ಮಾಡಿಸಿದ್ದಾಯಿತು. ಅಂಗಳದಲ್ಲಿ ದೋಸೆಯಷ್ಟಗಲ ಕಲೆ. ರೋಸಿಹೋಗಿ ಕಾರು ಮಾರುವುದೆಂದು ತೀರ್ಮಾನಿಸಿದೆ. ಆ ಭಾನುವಾರ ಹತ್ತು ಗಂಟೆಗೆ ಗಿರಾಕಿ ಬರುವವನಿದ್ದ.

ಅಮ್ಮ ಬೇಡ ಅನ್ನಲಿಲ್ಲ. "ನಿನ್ನಿಷ್ಟ ಕಣಪ್ಪ," ಅಂದಳು, ಅಷ್ಟೇ. ಆದರೆ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಕೊನೆಯದಾಗಿ ಒಂದು ಸಲ ನೋಡಿಬಿಡೋಣವೆಂದು ಕಾರಿನಡಿಗೆ ತೂರಿದ್ದು ಅದಕ್ಕೇ.

ವಾಸನೆ ಹರಳೆಣ್ಣೆಯದು ಸ್ವಾಮಿ! ಚಿಕ್ಕವನಿದ್ದಾಗ ಶನಿವಾರ ಎಣ್ಣೆನೀರಿಗೆ ಮೊದಲು ಅಮ್ಮ ನನ್ನ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ. ಗೇರ್‌ಬಾಕ್ಸಿಗೆ ಅದೆಲ್ಲಿಂದ ಬಂತು?

"ಅಮ್ಮಾ! ಇಲ್ಲಿ ಹರಳೆಣ್ಣೆ ಸೋರ್ತಿದೆಯಲ್ಲ!"

ಅಮ್ಮ ಬಾಗಿಲಿಗೆ ಬಂದು ಸೆರಗು ಹಿಡಿದು ನಿಂತಳು.

"ನಾನೇ ಹಾಕ್ತಿದ್ದೆ ಕಣೋ. ನಿಮ್ಮಪ್ಪ ಗೇರಿನ ಪಕ್ಕದ ಮ್ಯಾಟು ಎತ್ತಿ ಎಣ್ಣೆ ಹಾಕೋವಾಗ ಲಾಟೀನು ಹಿಡೀತಿದ್ದೋಳು ನಾನೇ ಅಲ್ವಾ? ಎಣ್ಣೆ ಕಮ್ಮಿಯಾದ್ರೆ ಪ್ರಾಣ ಹೋಗುತ್ತೆ ಅಂದ್ನಲ್ಲ ಆ ಮೇಸ್ತ್ರಿ. ಅದಕ್ಕೇ ಶನಿವಾರ ಶನಿವಾರ ಒಂದು ಬಟ್ಟಲು... ಅವರದು ಅಂತ ಇದೊಂದಾದ್ರೂ ಉಳೀಲಿ ಅಂತ."

ಅಳತೆಕಡ್ಡಿ ಅದ್ದಿ ನೋಡಿದೆ. ಗೆರೆ ದಾಟಿ ಕಂಠಮಟ್ಟ ಎಣ್ಣೆ. ಒಳಗೆ ಜಾಗವಿಲ್ಲದ್ದು ಹೊರಗೆ ಬರದೆ ಏನು ಮಾಡೀತು? ಕಾರು ಉಳಿಯಲೆಂದು ಅಮ್ಮ ಹಾಕಿದ ಎಣ್ಣೆಯೇ ಅದನ್ನು ಮನೆಯಿಂದ ಹೊರಗೆ ಕಳಿಸಲು ಹೊರಟಿತ್ತು. ಇದನ್ನು ಯಾವ ಬಾಯಲ್ಲಿ ಹೇಳಲಿ?

ಹಳೆಯದನ್ನೆಲ್ಲ ಇಳಿಸಿ, ಗೆರೆಗೆ ಸರಿಯಾಗಿ ಗೇರ್ ಆಯಿಲ್ ತುಂಬಿದೆ. ಗಿರಾಕಿಗೆ ಕಾಫಿ ಕೊಟ್ಟು, ಕೈಮುಗಿದು ಕಳಿಸಿದೆ. ಸಂಜೆ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಟೋಲ್‌ಗೇಟಿನವರೆಗೂ ಹೋಗಿ ಬಂದೆ. ಅಡಿಗೆ ಹಾಸಿದ ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಏನಾಗಿತ್ತೋ ಅದಕ್ಕೆ?"

"ವಾಷರ್ ಸರಿಯಾಗಿ ಕೂತಿರ್ಲಿಲ್ಲಮ್ಮ."

"ನೋಡ್ದಾ? ನಾನು ಎಣ್ಣೆ ಹಾಕ್ತಿದ್ದಕ್ಕೇ ಇಷ್ಟು ದಿನ ತಡ್ಕೊಂತು!"

ಹೌದು ಅಂದೆ. ಅಂದು ರಾತ್ರಿ ಅಮ್ಮ ಎರಡನೇ ಸಲ ಅನ್ನ ಬಡಿಸಿಕೊಂಡಳು.

ನಿನ್ನೆ ಶನಿವಾರ ಮತ್ತೆ ಬಟ್ಟಲು ಹಿಡಿದು ಹೊರಟಳು. (ಅದರಲ್ಲಿ ಗೇರ್ ಆಯಿಲೇ ಇರುವಂತೆ ನೋಡಿಕೊಂಡೆ.) ಇವತ್ತು ಅವಳು ಪೂಜೆಗೆ ಕೂತಾಗ ನಾನು ಮೆಲ್ಲಗೆ ಕಾರಿನಡಿಗೆ ತೂರಿ ಅಷ್ಟನ್ನೇ ಇಳಿಸಿ ಬಂದೆ. ಇನ್ನು ವಾರವಾರವೂ ನನಗಿದೇ ಉದ್ಯೋಗ.

ಅಮ್ಮನಿಗೆ ಓದಲು ಬರುವುದಿಲ್ಲ. ಓದಲು ಬರುವ ನೀವು ದಯವಿಟ್ಟು ಬಾಯಿ ಬಿಡಬೇಡಿ.