ಉಸ್ತಾದರ ಅಮ್ಮನ ಹಾಡು

ಕೊಲ್ಲಿ ನಾಡಿನ ರುಮೈಥಿಯಾದ ಆ ಅಂಗಡಿಗೆ ನಾನು ಹೋದದ್ದು ಸೋಫಾದ ಬಟ್ಟೆ ಬದಲಿಸಲು. ತುರ್ಕಿಯವರಾದ ಮಾಲೀಕರು ಕೆಲಸ ಬದಿಗಿಟ್ಟು ಉದ್ದ ಕತ್ತಿನ ತಂತಿವಾದ್ಯವೊಂದನ್ನು ನುಡಿಸುತ್ತಿದ್ದರು ಎಂದು ನನ್ನ ನೆನಪು. ವಾದ್ಯ ಗೋಡೆಯಲ್ಲಿ ತೂಗುತ್ತಿತ್ತು, ನಾನೇ ಇಳಿಸಲು ಕೇಳಿದೆ ಎಂದು ಹೆಂಡತಿ ಹೇಳುತ್ತಾಳೆ. ಯಾರ ಮಾತು ಸರಿಯೋ ತಿಳಿಯದು.

ವಾದ್ಯದ ಹೆಸರು ಸಾಜ್. ಧಾರವಾಡದಲ್ಲಿ ಎಂಜಿನಿಯರಿಂಗ್ ಓದುವಾಗ ಹಾರ್ಮೋನಿಯಂ ಹಿಡಿದು ಒಂದಿಷ್ಟು ಹಿಂದುಸ್ತಾನಿ ಕಲಿತಿದ್ದೆ. ಆ ಧೈರ್ಯದ ಮೇಲೆ ಆ ಮಾಲೀಕರ ಶಿಷ್ಯನಾದೆ, ಅವರನ್ನು ಉಸ್ತಾದ್ ಎಂದು ಕರೆಯತೊಡಗಿದೆ. ಶುಕ್ರವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಬೇಕು. ಅವರು ಒಂದು ಸಾಲು ಹಾಡಿದರೆ ನಾನು ಅದನ್ನೇ ಹಾಡಬೇಕು. ಬರೆದುಕೊಳ್ಳುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ನಮ್ಮ ನಡುವಿನ ಭಾಷೆ ಅಂಗಡಿಯ ಹಿಂದಿ, ಅದನ್ನಿಲ್ಲಿ ಕನ್ನಡ ಮಾಡುತ್ತಿದ್ದೇನೆ.

ಕೆಲವು ವರ್ಷಗಳಾದ ಮೇಲೆ ತಮ್ಮ ಅಮ್ಮನ ಹಾಡನ್ನು ಕಲಿಸತೊಡಗಿದರು. ಕಲ್ಲಿದ್ದಲ ಗಣಿಗೆ ಇಳಿದು ಮೇಲೆ ಬಾರದ ಹಿರಿಯ ಮಗನಿಗಾಗಿ ಆಕೆ ಕಟ್ಟಿದ ಶೋಕದ ಹಾಡು. ಅವರ ಕಡೆ ಹೆಂಗಸರು ಹೆಣದ ಪಕ್ಕ ಕೂತು ಹೀಗೆ ಹಾಡು ಕಟ್ಟುತ್ತಾರಂತೆ. ಈ ತಾಯಿಗೆ ಹೆಣವೂ ಸಿಗಲಿಲ್ಲ, ಮಗನ ಅಂಗಿಯ ಪಕ್ಕ ಕೂತು ಹಾಡಿದಳು. ಅದು ಆಗ ಗೊತ್ತಿದ್ದದ್ದು ಉಸ್ತಾದರೊಬ್ಬರಿಗೇ. ಜರ್ಮನಿಯಲ್ಲಿರುವ ಅವರ ಮಗನಿಗೆ ಬೇಕಿರಲಿಲ್ಲ.

ಹಾಡು ಕೆಳಗಿಳಿಯುವಾಗ ಕೋಮಲ ರಿಷಭಕ್ಕೂ ಶುದ್ಧ ರಿಷಭಕ್ಕೂ ನಡುವೆ ಒಂದು ಸ್ವರ ಬರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ. ಸಾಜಿನ ಕತ್ತಿಗೆ ನೈಲಾನ್ ದಾರ ಬಿಗಿದು ಅದಕ್ಕೆಂದೇ ಬೆರಳೊತ್ತುವ ಒಂದು ಮೆಟ್ಟು ಮಾಡಿರುತ್ತಾರೆ. ನುಡಿಸುವಾಗ ಬೆರಳು ಅಲ್ಲಿಗೆ ಹೋಗುತ್ತಿತ್ತು. ಹಾಡುವಾಗ ಮಾತ್ರ ನನ್ನ ಗಂಟಲು ಕೋಮಲ ರಿಷಭಕ್ಕೇ ಜಾರುತ್ತಿತ್ತು.

"ಮತ್ತೆ ಆ ಇಂಡಿಯಾ ಸ್ವರ! ನಮ್ಮಮ್ಮ ಏನು ಸಿನಿಮಾದಲ್ಲಿ ಅಳ್ತಿದ್ಲಾ, ಭಾಯಿ? ಯಲ್ಲಾ, ಇನ್ನೊಂದ್ಸಲ."

ಫಿಂಟಾಸ್‌ನ ನಮ್ಮ ಮನೆಯಲ್ಲಿ ಅಭ್ಯಾಸ ಮಾಡಿದರೆ ಹೆಂಡತಿಯ ತಕರಾರು ಬೇರೆ: "ರೀ, ಮುಂಜಾನೆದ್ದು ಇದೇನ್ರಿ? ಮಗ್ಗಲ ಮನಿಯವ್ರು ಯಾರು ಸತ್ತಾರಂತ ಕೇಳಾಕ ಬರ್ತಾರ ನೋಡ್ರಿ!"

ಆಮೇಲೆ ಉಸ್ತಾದರ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು, ನಂತರ ಮನೆಯ ದಾರಿ. ಒಂದು ಶುಕ್ರವಾರ ಅಮ್ಮನ ಹಾಡಿನ ನಡುವೆ ನಿಂತುಬಿಟ್ಟರು. "ಮುಂದೇನು?" ಎಂದರು. ನಾನು ಹಾಡಿದೆ, ಅವರು ನನ್ನ ಹಿಂದೆ ಹಾಡಿದರು. ಅಂದಿನಿಂದ ವಾರವಾರವೂ ಹಾಗೆಯೇ ನಡೆಯಿತು. ಹಾಡು ಉಳಿಯುತ್ತಿದೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಅವರು ಎಲ್ಲೂ ತಡವರಿಸದೆ ಇಡೀ ಹಾಡನ್ನು ಹಾಡಿದರು. ಇಳಿಯುವಲ್ಲಿ ಬಂದದ್ದು ಕೋಮಲ ರಿಷಭ.

"ಉಸ್ತಾದ್, ಅದು ನನ್ನ ತಪ್ಪು. ನೀವು ಸ್ವಲ್ಪ ಮೇಲೆ ಹಾಡ್ತಿದ್ರಿ."

"ಅವಳು ಯಾರಿಗೆ ಅಮ್ಮ? ನಿನಗಾ, ನನಗಾ?"

ಸಾಜ್ ತೆಗೆದುಕೊಂಡು ಆ ಮೆಟ್ಟಿನ ಮೇಲೆ ಬೆರಳಿಟ್ಟು ಮೀಟಿದೆ. ಅವರು ತಲೆ ಬಾಗಿಸಿ ಕೇಳಿದರು. ಮುಖ ಗಂಟಿಕ್ಕಿದರು.

"ಈ ದಾರ ಇಲ್ಲಿ ಯಾರು ಕಟ್ಟಿದ್ದು? ಹಾಡು ಕೆಡಿಸ್ತಿದೆ."

ಸೋಫಾದ ಬಟ್ಟೆ ಕತ್ತರಿಸುವ ಕತ್ತರಿಯಿಂದ ದಾರವನ್ನು ಕತ್ತರಿಸಿದರು. ನಾನು ತಡೆಯಲಿಲ್ಲ. ತಡೆಯಲು ಕೈ ಚಾಚಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆದರೆ ಅದನ್ನು ನಂಬುವುದಿಲ್ಲ. ಅವರು ನನ್ನ ಸ್ವರದಲ್ಲೇ ಕೊನೆಯವರೆಗೂ ಹಾಡಿದರು, ಅತ್ತರು. ಆ ಅಳು ನಿಜವಾದದ್ದು. ನನಗೂ ಹಾಗೆಯೇ ಹಾಡಿಸಿದರು.

"ಖಲಾಸ್," ಎಂದು ನನ್ನ ಮಂಡಿ ತಟ್ಟಿದರು. "ಈಗ ಬಂತು ನಿನಗೆ."

ಅಂಗಡಿಯ ಪರವಾನಗಿ ಇದ್ದದ್ದು ಅವರ ಕಫೀಲ್, ಅಂದರೆ ಸ್ಥಳೀಯ ಪ್ರಾಯೋಜಕರ ಹೆಸರಿನಲ್ಲಿ; ಆ ಕಫೀಲ್ ಅದನ್ನು ಬೇರೆಯವರಿಗೆ ಕೊಟ್ಟರು. ಮಗ ಬಂದು ಅಪ್ಪನನ್ನು ಕರೆದೊಯ್ದ. ಆ ಮೆಟ್ಟಿರುವ ಸಾಜ್ ಬೇರೆಡೆ ಸಿಗುತ್ತದೆ, ಕೊಂಡಿದ್ದೇನೆ. ಆದರೆ ಉಸ್ತಾದರ ಗಂಟಲು ಆ ಸ್ವರಕ್ಕೆ ಹೇಗೆ ಬರುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು? ಹಾಡಿ ನೋಡುತ್ತೇನೆ. ಕೆಲವೊಮ್ಮೆ ಸರಿಯಾಗಿ ಬಂದಂತಾಗುತ್ತದೆ. ಬಂದಿದೆಯೇ ಎಂದು ಕೇಳಲು ಯಾರೂ ಇಲ್ಲ.