ಟ್ರಂಕಿನ ಮೇಲಿನ ಹೆಸರು

ನಮ್ಮ ಮನೆಯಲ್ಲಿ ಕೌದಿಗಳನ್ನು ಮಡಚಿ ಒಟ್ಟುವುದು ಒಂದು ತಗಡಿನ ಟ್ರಂಕಿನ ಮೇಲೆ. ಬೆಳಗಾದೊಡನೆ ಮನೆಮಂದಿಯ ಹಾಸಿಗೆಯೆಲ್ಲ ಅದರ ಮೈಮೇಲೆ ಏರುತ್ತದೆ, ಮಲಗುವ ಹೊತ್ತಿಗೆ ಇಳಿಯುತ್ತದೆ. ಮೊನ್ನೆಯವರೆಗೂ, ಕೌದಿಗಳು ಇಳಿದು ದೀಪ ಸಣ್ಣದಾಗುವ ಮುನ್ನ ಮುಚ್ಚಳದ ಮೇಲಿನ ನನ್ನ ಹೆಸರು ಒಮ್ಮೆ ಕಣ್ಣಿಗೆ ಬೀಳುತ್ತಿತ್ತು. ಬರೆದವಳು ನಾನೇ. ಅದನ್ನು ಬರೆದದ್ದಕ್ಕೇ ಬಬಲೇಶ್ವರದ ಈ ಮನೆಗೆ ಸೊಸೆಯಾಗಿ ಬಂದೆ ಎಂದರೆ, ಗೆಳೆಯರೇ, ನೀವು ನಕ್ಕುಬಿಡುತ್ತೀರಿ. ನಗಿರಿ, ಕೇಳಿದವರೆಲ್ಲ ನಕ್ಕಿದ್ದಾರೆ.

ನಾನು ತಿಕೋಟೆಯ ಹುಡುಗಿ. ದಿನಾ ಬಸ್ಸು ಹತ್ತಿ ವಿಜಾಪುರದ ಒಂದು ಚಿತ್ರಕಲಾ ಶಾಲೆಗೆ ಹೋಗುತ್ತಿದ್ದೆ. ವಿನ್ಯಾಸ, ಅಕ್ಷರಲೇಖನ, ವರ್ಣಸಂಯೋಜನೆ ಎಂದು ಅಲ್ಲಿ ದೊಡ್ಡ ದೊಡ್ಡ ಮಾತಿನ ಪಾಠಗಳಿದ್ದವು. ನಿಜ ಹೇಳಬೇಕೆಂದರೆ ನಾನು ಕಲಿತದ್ದು ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗಿನ ದಾರಿಯಲ್ಲಿ. ಟಾಂಗಾಗಳ ಬೆನ್ನಿನ ಮೇಲಿನ ನವಿಲು, ಕುದುರೆಯ ನೆತ್ತಿಯ ಕೆಂಪು ತುರಾಯಿ, ಹೊಸ ಸಿನೆಮಾದ ಬೋರ್ಡನ್ನು ಕೈಗಾಡಿಯ ಮೇಲೆ ನಿಲ್ಲಿಸಿಕೊಂಡು ಹಲಗೆ ಬಾರಿಸುತ್ತ ಓಣಿ ಓಣಿ ಸುತ್ತುವವರ ಗದ್ದಲ, ಆ ಬೋರ್ಡಿನಲ್ಲಿ ನಾಯಕಿಯ ಕೆನ್ನೆಗೆ ಯಾವ ಅಂಜಿಕೆಯೂ ಇಲ್ಲದೆ ಬಳಿದ ನೀಲಿ ನೆರಳು, ಇವೆಲ್ಲ ನನ್ನ ಪಠ್ಯಪುಸ್ತಕಗಳಾಗಿದ್ದವು. ಗೋಳಗುಮ್ಮಟದ ಹತ್ತಿರದ ಚಹಾದ ಅಂಗಡಿಯಲ್ಲಿ ರೇಡಿಯೋ ಹಾಡುತ್ತಿದ್ದರೆ, ಹೆಣ್ಣುಮಕ್ಕಳು ಒಳಗೆ ಹೋಗಿ ಕೂಡುವಂತಿರಲಿಲ್ಲವಾದ್ದರಿಂದ, ಚಪ್ಪಲಿಯ ಉಂಗುಷ್ಠ ಕಿತ್ತಿತೆಂಬ ನೆಪದಲ್ಲಿ ಬಾಗಿ ನಿಂತು ಹಾಡು ಮುಗಿಯುವವರೆಗೂ ಚಪ್ಪಲಿಯನ್ನು ರಿಪೇರಿ ಮಾಡುತ್ತಿದ್ದೆ. ನನ್ನಷ್ಟು ಚಪ್ಪಲಿ ಕಿತ್ತುಕೊಂಡವರು ಆ ಊರಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಹುಚ್ಚೆಂದರೆ ಬಜಾರದಲ್ಲಿ ಟ್ರಂಕುಗಳಿಗೆ ಬಣ್ಣ ಹಾಕುವವರ ಸಾಲು. ಮದುಮಗಳ ಟ್ರಂಕಿನ ಮೇಲೆ ಜೋಡಿ ಗಿಳಿ, ಗುಲಾಬಿ, ನಡುವೆ ನೆರಳು ಬಿದ್ದಂತೆ ಉಬ್ಬಿ ನಿಲ್ಲುವ ಅಕ್ಷರಗಳಲ್ಲಿ ಅವಳ ಹೆಸರು. ಆ ಅಕ್ಷರಗಳನ್ನು ನೋಡುತ್ತ ನಿಂತರೆ ನನಗೆ ಹಸಿವೆ ಆಗುತ್ತಿರಲಿಲ್ಲ. ಬೀದಿಯ ಚೆಲುವಿನ ಗುಣವೇ ಅದು. ಯಾರ ಮನೆಯದೂ ಅಲ್ಲ, ಆದ್ದರಿಂದ ನೋಡಿದವರದೆಲ್ಲ. ಹಾಗೆಂದು ನಂಬಿದ್ದೆ.

ಕೊನೆಯ ವರ್ಷದ ಪರೀಕ್ಷೆಗೆ ದಿನಬಳಕೆಯ ವಸ್ತುವೊಂದನ್ನು ಅಲಂಕರಿಸಿ, ಅಕ್ಷರ ಬರೆದು ತರಬೇಕೆಂದರು. ಪಾಸಾದರೆ ಒಂದು ಛಾಪಖಾನೆಯಲ್ಲಿ ಚಿತ್ರ ಬರೆಯುವ ಕೆಲಸ ಕೊಡಿಸುವುದಾಗಿ ನಮ್ಮ ಮಾಸ್ತರರು ಹೇಳಿದ್ದರು. ಅಲ್ಲಿಯವರೆಗೆ ಲಗ್ನದ ಮಾತು ಎತ್ತುವುದಿಲ್ಲವೆಂದು ಅಪ್ಪ ಒಪ್ಪಿದ್ದ. ಅವ್ವ ಯಾವಾಗಲೋ ಕೊಂಡಿಟ್ಟಿದ್ದ ಹೊಸ ಟ್ರಂಕೊಂದು ಮನೆಯಲ್ಲಿ ಖಾಲಿ ಇತ್ತು. ಅದನ್ನು ಕೆಳಗಿಳಿಸಿ, ನನ್ನ ದಾರಿಯನ್ನೆಲ್ಲ ಅದರ ಮೇಲೆ ಬರೆದೆ. ಒಂದು ಮೂಲೆಯಲ್ಲಿ ತುರಾಯಿ ಕಟ್ಟಿದ ಕುದುರೆ ಮತ್ತು ಟಾಂಗಾ, ಒಂದು ಮೂಲೆಯಲ್ಲಿ ಹಲಗೆ ಬಾರಿಸುವವರು, ಕೆಳಗೆ ಚಹಾದಂಗಡಿಯ ರೇಡಿಯೋ, ಸುತ್ತ ಜೋಡಿ ಗಿಳಿಗಳ ಅಂಚು. ನಡುವೆ ಅಕ್ಷರ ಬೇಕಲ್ಲ? ಕೈಗೆ ಬಂದದ್ದು ಸುಮಂಗಲಾ, ನನ್ನ ಹೆಸರು. ನಮ್ಮ ಕಡೆ ಲಗ್ನ ಗೊತ್ತಾದ ಮೇಲೆಯೇ ಟ್ರಂಕಿಗೆ ಹುಡುಗಿಯ ಹೆಸರು ಬರೆಸುವುದು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕುಂಚ ಕೈಯಲ್ಲಿದ್ದಾಗ ಅದು ಬೇರೆಯವರ ಟ್ರಂಕಿನ ಮಾತು ಅನ್ನಿಸಿತ್ತು.

ಬಣ್ಣ ಆರಲೆಂದು ಕಟ್ಟೆಯ ಮೇಲಿಟ್ಟಿದ್ದೆ. ಬಬಲೇಶ್ವರದ ದೂರದ ಸಂಬಂಧಿಕರು ಸಂತೆಗೆಂದು ಬಂದವರು ನೀರು ಕುಡಿದು ಹೋಗೋಣವೆಂದು ಅದೇ ಹೊತ್ತಿಗೆ ಮನೆಗೆ ಬಂದರು. ಅವರಲ್ಲಿ ಹಿರಿಯಳು, ಈಗ ನನ್ನ ಅತ್ತೆ, ಟ್ರಂಕಿನ ಮುಂದೆ ಕೂತು ಅದನ್ನು ಓದಿದಳು. ಟಾಂಗಾ ಅಂದರೆ ದಿಬ್ಬಣ, ಹಲಗೆ ಅಂದರೆ ಮದುವೆಯ ವಾದ್ಯ, ಜೋಡಿ ಗಿಳಿಗೆ ಅರ್ಥ ಹೇಳಬೇಕೇ? ರೇಡಿಯೋ ಕಂಡಾಗಲಂತೂ ಅವಳ ಮುಖ ಅರಳಿತು. "ರೇಡಿಯೋನೂ ಕೊಡಾವ್ರ ಅದಾರಂತ ಕಾಣ್ತೈತಿ. ಹುಡುಗಿ ತನ್ನ ಹೆಸರು ತಾನ ಬರಕೊಂಡಾಳ, ಇನ್ನ ಆಕೀನ ಕೇಳೂದೇನ ಐತಿ? ಎಲ್ಲೂ ಗೊತ್ತಾಗಿಲ್ಲಂದ್ರ ನಮ್ಮ ಹುಡುಗಗ ಕೊಡ್ರಿ," ಎಂದಳು. "ಅದು ಪರೀಕ್ಷಾಕ್ಕ ಬರದದ್ದರಿ," ಎಂದೆ. ಹುಡುಗಿಗೆ ನಾಚಿಕೆ ಎಂದು ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಸಂಜೆಯಾಗುವುದರೊಳಗೆ ಮಾತು ಕೊಟ್ಟ.

ಮರುದಿನ ಟ್ರಂಕನ್ನು ಶಾಲೆಗೆ ಒಯ್ಯಲು ಹೊರಟರೆ ಅವ್ವ ಅಡ್ಡ ನಿಂತಳು. "ಲಗ್ನದ ಟ್ರಂಕ ಹೊತಗೊಂಡ ಹೋಗಿ ಸಾಲ್ಯಾಗ ಮಂದೀಗಿ ತೋರಸ್ತಾರೇನಬೇ?" ನಾನು ಅತ್ತುಕರೆದೆ, ಊಟ ಬಿಟ್ಟೆ, ಬೇಡವೆಂದೆ. ಅಪ್ಪ ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಟ್ರಂಕಿನ ಮೇಲೆ ಕೈಯಾಡಿಸುತ್ತ, "ಮನಸ್ಸಿನಾಗ ಇಲ್ಲದ್ದು ಕೈಯಾಗ ಹ್ಯಾಂಗ ಬಂತವ್ವಾ?" ಎಂದು ಮೆಲ್ಲಗೆ ಕೇಳಿದ. ಮನಸ್ಸಿನಲ್ಲಿ ಇದ್ದದ್ದೇ ಕೈಗೆ ಬರುತ್ತದೆ ಎಂದು ಶಾಲೆಯಲ್ಲಿಯೂ ಹೇಳಿಕೊಟ್ಟಿದ್ದರು. ಪರೀಕ್ಷೆ ನಾನಿಲ್ಲದೆ ನಡೆಯಿತು, ಛಾಪಖಾನೆಯ ಕೆಲಸಕ್ಕೆ ಯಾರು ಹೋದರೋ ತಿಳಿಯಲಿಲ್ಲ.

ಚಿತ್ರವೊಂದು ಬರೆದವರ ಕೈ ಬಿಟ್ಟ ಮೇಲೆ ನೋಡುವವರದಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಬರೆದವಳೂ ನೋಡುವವರ ಪಾಲಾಗುತ್ತಾಳೆಂಬುದನ್ನು ಯಾರೂ ಹೇಳಿರಲಿಲ್ಲ. ಗೋಳಗುಮ್ಮಟದೊಳಗೆ ನಿಂತು ಹೆಸರು ಕೂಗಿದರೆ ಅದು ತಿರುತಿರುಗಿ ಕೂಗಿದವರ ಕಿವಿಗೇ ಬರುತ್ತದೆ; ಟ್ರಂಕಿನ ಮೇಲೆ ಬರೆದ ಹೆಸರು ಮಾತ್ರ ನನಗೆ ಮರಳಿ ಬರಲಿಲ್ಲ. ಅಪ್ಪ ಕೊಡಿಸಿದ ರೇಡಿಯೋ ಇಲ್ಲಿ ಗೋಡೆಯ ಎತ್ತರದ ಮಾಡದಲ್ಲಿದೆ. ಮಾವನವರು ಹತ್ತಿಯ ಧಾರಣೆ ಕೇಳುತ್ತಾರೆ, ವಾರ್ತೆ ಕೇಳುತ್ತಾರೆ, ಹಾಡು ಶುರುವಾದೊಡನೆ ಸೆಲ್ಲು ಉಳಿಯಲೆಂದು ಅದರ ಕಿವಿ ಹಿಂಡಿ ಬಂದ್ ಮಾಡುತ್ತಾರೆ. ಯಾರೂ ಕೆಟ್ಟವರಲ್ಲ. ನನ್ನ ದುಃಖಕ್ಕೆ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನನ್ನ ಕೈಯಲ್ಲಿ ಗುಣವಿದೆಯೆಂಬ ಸುದ್ದಿ ಊರಲ್ಲಿ ಹಬ್ಬಿದೆ. ಹೆಣ್ಣು ಹೆತ್ತವರು ಟ್ರಂಕು ತಂದು ಮುಂದಿಡುತ್ತಾರೆ, ನಾನು ಹೆಸರು ಬರೆಯುತ್ತೇನೆ. ಮೊನ್ನೆ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಕುಂಚ ತಗಡಿನ ಮೇಲೆ ಓಡುವುದನ್ನು ಊಟ ಮರೆತವಳ ಹಾಗೆ ನೋಡುತ್ತ, "ಅಕ್ಕಾ, ಗಿಳಿ ಕಣ್ಣು ನಾ ತಗೀಲೇನರಿ?" ಎಂದಳು. "ನಿನಗ ಈ ಲಗ್ನ ಮನಸ್ಸೈತೇನವ್ವಾ?" ಎಂದು ಕೇಳಿಯೇಬಿಟ್ಟೆ. ಹುಡುಗಿ ತಲೆ ತಗ್ಗಿಸಿದಳು. "ಟ್ರಂಕ ತಂದೇವಲ್ಲಬೇ, ಇನ್ನೇನ ಕೇಳ್ತಿ?" ಎಂದು ತಾಯಿ ನಕ್ಕಳು. ಆ ಹೆಸರನ್ನೂ ಬರೆದೆ, ಚೆನ್ನಾಗಿಯೇ ಬರೆದೆ.

ಅವರು ಹೋದ ಮೇಲೆ ಡಬ್ಬಿಯ ತಳದಲ್ಲಿ ಹಸಿರು ಬಣ್ಣ ಉಳಿದಿತ್ತು. ಹಾಡಹಗಲೇ ಕೌದಿಗಳನ್ನು ಕೆಳಗಿಳಿಸಿ, ನನ್ನ ಟ್ರಂಕಿನ ಮೇಲೆ ಮೊದಲು ರೇಡಿಯೋ, ಆಮೇಲೆ ಕುದುರೆ, ಕೊನೆಗೆ ನನ್ನ ಹೆಸರು, ಎಲ್ಲದರ ಮೇಲೂ ಬಳಿದುಬಿಟ್ಟೆ. ಯಾರಾದರೂ ಬೈಯಲಿ, ಯಾಕೆ ಹೀಗೆ ಮಾಡಿದೆ ಎಂದು ಒಮ್ಮೆಯಾದರೂ ಕೇಳಲಿ ಎಂದು ಕಾದು ನಿಂತೆ. ಅತ್ತೆ ಬಂದಳು, ಬಗ್ಗಿ ನೋಡಿದಳು.

"ಛಲೋ ಮಾಡಿದಿ ಬಿಡ," ಎಂದಳು, "ಇನ್ನ ತುಕ್ಕ ಹಿಡಿಯಂಗಿಲ್ಲ."

ಬಣ್ಣ ಆರಿದ ಮೇಲೆ ಇಬ್ಬರೂ ಸೇರಿ ಕೌದಿಗಳನ್ನು ಮತ್ತೆ ಅದರ ಮೇಲೆ ಒಟ್ಟಿದೆವು.